ನುಡಿಪೆಟ್ಟಿಗೆಗೆ ನಾನು ಬರೆದ ಕೊನೆ

ನಮ್ಮ ಪತ್ರಿಕೆಗೆ ಇದ್ದದ್ದು ಒಂದೇ ಪ್ರತಿ. ಕೊಳ್ಳೇಗಾಲದ ಏಳೆಂಟು ಮಂದಿ ಸೇರಿ ತಿಂಗಳಿಗೊಮ್ಮೆ ಅದನ್ನು ಹೊರಡಿಸುತ್ತಿದ್ದೆವು. ಅಚ್ಚು ಹಾಕಿಸುವ ಶಕ್ತಿ ನಮಗಿರಲಿಲ್ಲ. ಲೇಖಕರು ಬಿಡಿ ಹಾಳೆಗಳಲ್ಲಿ ಬರೆದು ಕಳಿಸುತ್ತಿದ್ದರು. ಅವನ್ನೆಲ್ಲ ಒಬ್ಬರು ಕುಳಿತು ಒಂದು ದಪ್ಪ ನೋಟ್‌ಬುಕ್ಕಿಗೆ ಒಂದೇ ಕೈಬರಹದಲ್ಲಿ ಇಳಿಸಬೇಕಾಗಿತ್ತು. ಇಳಿಸುತ್ತಿದ್ದವನು ನಾನು. ರೇಷ್ಮೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕಾಗದಪತ್ರ ಬರೆಯುವುದು ನನ್ನ ಉದ್ಯೋಗ. ಜೊತೆಗೆ ಮೈಸೂರಿನ ಒಂದು ದಿನಪತ್ರಿಕೆಗೆ ಊರ ಸುದ್ದಿ ಬರೆದು ಅಂಚೆಗೆ ಹಾಕುತ್ತಿದ್ದೆ. ಮುಂದೆ ಬಹಳ ವರ್ಷ ಪತ್ರಿಕಾ ಕಚೇರಿಯಲ್ಲಿ ಕುಳಿತು ಬೇರೆಯವರ ವಾಕ್ಯಗಳನ್ನು ಹೊಡೆದುಹಾಕುವುದೇ ನನ್ನ ಕಸುಬಾಯಿತು. ಮೊದಲ ಸಲ ಹೊಡೆದುಹಾಕಿದ್ದು ಯಾವುದನ್ನು, ಏಕೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ಇದು ರಾಜ್ಯಗಳ ಗಡಿ ಬದಲಾಗುವುದಕ್ಕೆ ಮುಂಚಿನ ಮಾತು. ಕೊಳ್ಳೇಗಾಲ, ಹನೂರು ಮದ್ರಾಸಿಗೆ ಸೇರಿದ್ದವು. ನಮ್ಮ ಅರ್ಜಿಗಳು ಕೊಯಮತ್ತೂರಿಗೆ ಹೋಗಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರವಾಗಿ ಬರುತ್ತಿದ್ದವು. ಹತ್ತು ಮೈಲಿ ಆಚೆಯ ಯಳಂದೂರು ಮೈಸೂರಿನದು. ಅಲ್ಲಿನವರಿಗೆ ಕಚೇರಿಯಿಂದ ಕನ್ನಡದಲ್ಲೇ ಕಾಗದ ಬರುತ್ತಿತ್ತು. ಅದಕ್ಕೂ ನಮಗೆ ಅವರ ಮೇಲೆ ಒಂದಿಷ್ಟು ಹೊಟ್ಟೆಯುರಿ ಇತ್ತೆಂದು ಹೇಳಬೇಕು.

ಪತ್ರಿಕೆ ಸುತ್ತುವ ದಾರಿ ಗೊತ್ತಾಗಿತ್ತು. ಮೊದಲು ಕೊಳ್ಳೇಗಾಲದ ಮನೆಗಳು. ಆಮೇಲೆ ಬಟ್ಟೆಯ ಚೀಲಕ್ಕೆ ಹಾಕಿ ಹನೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಹನೂರು, ಶಾಗ್ಯ, ಕೌದಳ್ಳಿ ಮುಗಿಸಿಕೊಂಡು ಮತ್ತೆ ನನ್ನ ಬಳಿಗೆ ಬರುತ್ತಿತ್ತು. ಕೊನೆಯ ಸರದಿ ಯಳಂದೂರಿನದು. ಹಾಗಾಗಿ ಯಳಂದೂರಿನಿಂದ ಬರೆಯುವವರು ತಮ್ಮ ಬರಹವನ್ನು ಉಳಿದವರೆಲ್ಲ ಓದಿ ಮುಗಿಸಿದ ಮೇಲೆ ನೋಡುತ್ತಿದ್ದರು. ಅವರ ಬಿಡಿ ಹಾಳೆಗಳನ್ನೂ ಆಗಲೇ ಪುಸ್ತಕದ ಜೊತೆಗಿಟ್ಟು ಹಿಂದಿರುಗಿಸುವುದು ರೂಢಿ.

ನೋಟ್‌ಬುಕ್ಕಿನ ಹಿಂಬದಿಯಲ್ಲಿ ಎಂಟು ಪುಟ ಖಾಲಿ ಬಿಡುತ್ತಿದ್ದೆವು. ಓದಿದವರು ಅಲ್ಲಿ ತಮ್ಮ ಅಭಿಪ್ರಾಯ ಬರೆಯಬೇಕು. ಪುಸ್ತಕ ಹಿಂದಿರುಗಿದ ಕೂಡಲೇ ನಾನು ನೋಡುತ್ತಿದ್ದುದು ಆ ಪುಟಗಳನ್ನು. ತಾಲ್ಲೂಕಿನ ರಸ್ತೆಗಳ ಬಗ್ಗೆ, ಕೆರೆಗಳ ಹೂಳಿನ ಬಗ್ಗೆ, ಸಂತೆಮಾಳದ ನೀರಿನ ಬಗ್ಗೆ ನಾನು ಬರೆಯುತ್ತಿದ್ದೆ. ಯಾರು, ಎಲ್ಲಿ, ಯಾವಾಗ ಎಂಬುದು ತಪ್ಪದಂತೆ ಹೋಗಿ ನೋಡಿ ಬರೆಯುತ್ತಿದ್ದೆ. ನನ್ನ ಲೇಖನಗಳಿಗೆ ಬರುತ್ತಿದ್ದ ಅಭಿಪ್ರಾಯ ಒಂದೇ: ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಶಾಗ್ಯದ ಒಬ್ಬರು ಮಾತ್ರ ಸ್ವಲ್ಪ ಹೆಚ್ಚು ಬರೆದಿದ್ದರು: ಈ ಲೇಖಕರು ನಮ್ಮ ಶಾಲೆಗೆ ಬಂದು ಮಕ್ಕಳಿಗೆ ದುಂಡಕ್ಷರ ಕಲಿಸಿದರೆ ಒಳ್ಳೆಯದು.

ಹನೂರಿನಲ್ಲಿ ಪುಸ್ತಕ ಮೊದಲು ಹೋಗುತ್ತಿದ್ದುದು ನನ್ನ ಅಕ್ಕನ ಮನೆಗೆ. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು, ಅಕ್ಷರ ಕಲಿಸಿದವಳೂ ಅವಳೇ. ಅವಳು ಪೆನ್ಸಿಲಿನಲ್ಲಿ ದಪ್ಪ ದಪ್ಪನಾಗಿ ಬರೆಯುತ್ತಿದ್ದಳು. ಎರಡು ವರ್ಷದಲ್ಲಿ ನನ್ನ ಲೇಖನದ ಬಗ್ಗೆ ಒಂದು ಸಾಲನ್ನೂ ಬರೆದಿರಲಿಲ್ಲ. ತಮ್ಮನನ್ನು ಹೊಗಳಲು ಸಂಕೋಚ ಇರಬೇಕು ಎಂದುಕೊಂಡಿದ್ದೆ.

ಯಳಂದೂರಿನ ಶಾಲಾ ಮೇಷ್ಟರು ನಮ್ಮ ಪತ್ರಿಕೆಗೆ ಬರೆಯಲು ತೊಡಗಿದ್ದು ಆ ಎರಡು ವರ್ಷ ಕಳೆದ ಮೇಲೆ. ಒಂಟಿ ಮನುಷ್ಯ, ಸಣ್ಣ ದನಿ, ಯಾವಾಗಲೂ ಒಂದು ಬಗೆಯ ಕೆಮ್ಮು. ಮೂರು ಕಂತಿನ ಕಥೆಯೊಂದನ್ನು ಕಳಿಸುತ್ತೇನೆ, ಹಿಡಿಸಿದರೆ ಹಾಕಿ ಎಂದು ಕಾಗದ ಬರೆದಿದ್ದರು. ಕಥೆಯ ಹೆಸರು ನುಡಿಪೆಟ್ಟಿಗೆ.

ಮುಂದೆ ಬರಲಿರುವ ಒಂದು ಕಾಲ, ಹೆಸರಿಲ್ಲದ ಒಂದು ಊರು. ಅಲ್ಲಿ ಮನೆಗೊಂದು ಪೆಟ್ಟಿಗೆ. ನೀವು ಹೇಳಬೇಕಾದದ್ದನ್ನು ಪೆಟ್ಟಿಗೆಗೆ ಹೇಳಿದರೆ ಸಾಕು, ಅದು ಎದುರಿನವರ ಪೆಟ್ಟಿಗೆಗೆ ಮುಟ್ಟಿಸುತ್ತದೆ. ಜನ ಮೊದಲು ದೂರದ ಊರಿಗೆ ಹೇಳಿ ಕಳಿಸಲು ಅದನ್ನು ಬಳಸಿದರು, ಆಮೇಲೆ ಪಕ್ಕದ ಬೀದಿಗೆ, ಕೊನೆಗೆ ಪಕ್ಕದ ಮನೆಗೆ. ನೀವು ಬೈದರೆ ಅದು ಬೈಗುಳವನ್ನು ತಿದ್ದಿ ಮರ್ಯಾದೆಯ ಮಾತಾಗಿ ಮುಟ್ಟಿಸುತ್ತದೆ. ಹೆಣ್ಣು ಗಂಡಿನ ಮಾತುಕತೆಯನ್ನೂ ಅದೇ ಆಡುತ್ತದೆ. ಗೋಡೆಯ ಕಿಂಡಿಯಿಂದ ಹೊತ್ತಿಗೆ ಸರಿಯಾಗಿ ಮುದ್ದೆ ಬೀಳುತ್ತದೆ. ತಿರುವಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಬಾಗಿಲುಗಳಿಗೆ ಕೆಲಸವಿಲ್ಲದೆ ಚಿಲಕ ತುಕ್ಕು ಹಿಡಿದಿದೆ. ಜಗಳ ನಿಂತಿದೆ, ಎಲ್ಲರೂ ಸುಖವಾಗಿದ್ದಾರೆ. ಮೊದಲ ಕಂತು ಇಷ್ಟೇ.

ಎರಡನೆಯ ಕಂತಿನಲ್ಲಿ ಒಬ್ಬ ಹೆಂಗಸಿನ ಪಕ್ಕದ ಮನೆಯಲ್ಲಿ ಮಗು ಸಾಯುತ್ತದೆ. ನನಗೆ ದುಃಖವಾಗಿದೆ ಎಂದು ಅವರಿಗೆ ತಿಳಿಸು ಅನ್ನುತ್ತಾಳೆ ಪೆಟ್ಟಿಗೆಗೆ. ಅವಳ ಪೆಟ್ಟಿಗೆ ಹಳೆಯ ಕಾಲದ ಮುದುಕಿಯರಂತೆ ಗುಣಗಾನ ಮಾಡಿ ಅಳುತ್ತದೆ. ಆ ಮನೆಯ ಪೆಟ್ಟಿಗೆಯೂ ಅದಕ್ಕೆ ಸರಿಯಾಗಿ ಅಳುತ್ತದೆ. ಎರಡು ಪೆಟ್ಟಿಗೆಗಳು, ಉಸಿರು ಎಳೆದುಕೊಳ್ಳುವ ಕಡೆ ಎಳೆದುಕೊಂಡು, ಇಡೀ ದಿನ ಅಳುತ್ತವೆ. ಗೋಡೆಯ ಈಚೆಗೊಬ್ಬಳು ಆಚೆಗೊಬ್ಬಳು ಒಣಗಣ್ಣಿನಲ್ಲಿ ಕೂತು ಕೇಳುತ್ತಾರೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಗಂಜಿ ಕೊಂಡೊಯ್ಯಬೇಕು ಎಂದು ಅಜ್ಜಿ ಹೇಳುತ್ತಿದ್ದದ್ದು ಆ ಹೆಂಗಸಿಗೆ ನೆನಪಾಗುತ್ತದೆ. ಅಟ್ಟದಲ್ಲಿದ್ದ ಅಜ್ಜಿಯ ಒಲೆಯನ್ನು ಕೆಳಗಿಳಿಸಿ ಗಂಜಿಗೆ ಇಡುತ್ತಾಳೆ. ಅಲ್ಲಿಗೆ ಎರಡನೆಯ ಕಂತು ಮುಗಿಯಿತು.

ಇದನ್ನು ನನ್ನ ಕೈಯಿಂದಲೇ ಅಂದವಾಗಿ ಇಳಿಸಬೇಕಾಯಿತು. ಬೇರೊಬ್ಬನ ಒಳ್ಳೆಯ ವಾಕ್ಯವನ್ನು ನಕಲು ಮಾಡುವುದು ಎಂಥ ಶಿಕ್ಷೆ ಎಂಬುದು ಮಾಡಿದವರಿಗೆ ಗೊತ್ತು. ಪ್ರತಿ ಪದದ ಬಳಿಯೂ ಒಂದು ಗಳಿಗೆ ನಿಲ್ಲಬೇಕು. ಅಲ್ಲಿ ನಾನಾಗಿದ್ದರೆ ಯಾವ ಪದ ಹಾಕುತ್ತಿದ್ದೆ ಎಂಬುದು ಮನಸ್ಸಿಗೆ ಬರುತ್ತದೆ, ಅದು ಇದಕ್ಕಿಂತ ಕೆಳಗಿನದು ಎಂಬುದೂ ಜೊತೆಗೇ ಬರುತ್ತದೆ.

ಒಮ್ಮೆ ಅವರು ಕೊಳ್ಳೇಗಾಲಕ್ಕೆ ಬಂದಾಗ ಈ ಕಥೆ ಹೇಗೆ ಹೊಳೆಯಿತು ಎಂದು ಕೇಳಿದೆ.

‘ನಮ್ಮ ಶಾಲೆಯ ಅಂಗಳಕ್ಕೆ ರೇಡಿಯೋ ತಂದಿಟ್ಟರಲ್ಲ,’ ಎಂದರು. ‘ಅದಕ್ಕೆ ಮುಂಚೆ ಸಂಜೆ ಹೊತ್ತು ಊರವರು ಮರದ ಕೆಳಗೆ ದುಂಡಗೆ ಕೂರ್ತಿದ್ದರು. ರೇಡಿಯೋ ಬಂದ ಮೇಲೆ ಸಾಲಾಗಿ ಕೂರ್ತಾರೆ. ಎಲ್ಲರ ಮುಖವೂ ಪೆಟ್ಟಿಗೆ ಕಡೆಗೆ. ಹಿಂದಿನವನಿಗೆ ಮುಂದಿನವನ ಬೆನ್ನು ಮಾತ್ರ ಕಾಣ್ತದೆ. ನೀವೂ ನೋಡಿರ್ತೀರಲ್ಲ.’

ನೋಡಿದ್ದೆ. ಕೊಳ್ಳೇಗಾಲದ ಪಾರ್ಕಿನಲ್ಲಿ ರೇಡಿಯೋ ಇಟ್ಟ ದಿನ ಸುದ್ದಿ ಬರೆದವನೇ ನಾನು. ಗುಂಡಿ ತಿರುಗಿಸಿದವರು ಯಾರು, ಹಾರ ಹಾಕಿಸಿಕೊಂಡವರು ಯಾರು, ಧ್ವನಿವರ್ಧಕದ ಕಂಬ ಎಷ್ಟು ಅಡಿ ಎತ್ತರ, ಮದ್ರಾಸು ನಿಲಯದ ತಮಿಳು ಹಾಡು ಬಂದಾಗ ಯಾರು ಎದ್ದು ಹೋದರು, ಎಲ್ಲವನ್ನೂ ಬರೆದಿದ್ದೆ. ಜನ ದುಂಡಗೆ ಕೂರುವುದನ್ನು ಬಿಟ್ಟು ಸಾಲಾಗಿ ಕೂತರು ಎಂಬುದನ್ನು ಬರೆದಿರಲಿಲ್ಲ. ಕಣ್ಣೆದುರೇ ಇತ್ತು, ಕಂಡಿರಲಿಲ್ಲ. ಕೆಮ್ಮುವ ಆ ಮನುಷ್ಯನ ಮೇಲೆ ನನಗೆ ನಿಜವಾದ ಹೊಟ್ಟೆಕಿಚ್ಚು ಹುಟ್ಟಿದ್ದು ಆ ದಿನ.

ಎರಡನೆಯ ಕಂತಿನ ಪುಸ್ತಕ ಸುತ್ತು ಮುಗಿಸಿ ಬಂದಾಗ ಅಭಿಪ್ರಾಯದ ಪುಟಗಳಲ್ಲಿ ಅಕ್ಕನ ಪೆನ್ಸಿಲ್ ಅಕ್ಷರ ಕಂಡಿತು. ಅರ್ಧ ಪುಟ ಬರೆದಿದ್ದಳು. ‘ನುಡಿಪೆಟ್ಟಿಗೆ ಬರೆದವರಿಗೆ ನಮಸ್ಕಾರ. ಆ ಹೆಂಗಸು ಗಂಜಿ ತೆಗೆದುಕೊಂಡು ಹೋದಳೋ ಇಲ್ಲವೋ ತಿಳಿಯಬೇಕಾಗಿದೆ. ಹೋದರೆ ಅವರು ಬಾಗಿಲು ತೆಗೆದರೋ ಇಲ್ಲವೋ ಅದನ್ನೂ ಬರೆಯಿರಿ. ದಿನ ಬಹಳ ಆಗಿದ್ದರೆ ಹೋಗಬಹುದೋ ಹೋಗಬಾರದೋ. ಬೇಗ ಬರೆಯಿರಿ.’

ಅದನ್ನು ನಾನು ಎರಡು ಮೂರು ಸಲ ಓದಿದೆ. ಅಕ್ಕನಿಗೆ ಬರೆಯಲು ಸಂಕೋಚವೇನೂ ಇರಲಿಲ್ಲ ಎಂಬುದಷ್ಟೇ ನನಗೆ ಹೊಳೆದದ್ದು.

ಹನೂರು ಬಸ್ಸಿನ ಕಂಡಕ್ಟರೂ ಗಾಯಕ್ಕೆ ಉಪ್ಪು ಸವರಿದ. ದಾರಿಯಲ್ಲಿ ಎಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದಾಗ ಅವನು ಚೀಲದಿಂದ ಪುಸ್ತಕ ತೆಗೆದು ಡ್ರೈವರನಿಗೆ ಓದಿ ಹೇಳುತ್ತಿದ್ದನಂತೆ.

‘ಯಾನ್ ಸಾ, ಈ ಸಲ ಪೆಟ್ಗ ಕತ ಮುಗೀತದಾ?’ ಎಂದು ಕೇಳಿದ. ‘ನಮ್ ಡ್ರೈವರು ದಿನಾ ಕೇಳ್ತಾನ ಕಣ್ರಿ. ಆ ಎಂಗ್ಸು ಓದ್ಲಾ ಅಂತಾನ, ಓಗ್ನಿಲ್ವಾ ಅಂತಾನ. ಗೇರು ಹಾಕದ್ನೇ ಮರ್ತಾನ.’

‘ನನ್ನದೂ ಒಂದು ಇತ್ತಲ್ಲಪ್ಪ, ಓದಿದೆಯಾ?’

‘ಯಾವ್ದು, ರೋಡಿಂದಾ? ಅದ್ರ ಮ್ಯಾಲೇ ದಿನಾ ಕುಕ್ಕುಸ್ಕಂಡು ಓಯ್ತೀವಲ್ಲ ಸಾ. ಮತ್ತ ಓದದ್ ಬೇರೆ ಯಾಕ?’

ಪಕ್ಕದಲ್ಲಿ ಮೂಟೆಯ ಮೇಲೆ ಕೂತಿದ್ದವರು ನಕ್ಕರು. ನಾನೂ ನಕ್ಕೆ.

ಮೂರನೆಯ ಕಂತು ಐದು ಹಾಳೆಗಳಲ್ಲಿ ಬಂತು. ಹೆಂಗಸು ಗಂಜಿಯ ಮಡಕೆ ಹಿಡಿದು ತುಕ್ಕು ಹಿಡಿದ ಚಿಲಕವನ್ನು ಕಲ್ಲಿನಿಂದ ಹೊಡೆದು ತೆಗೆಯುತ್ತಾಳೆ. ಹನ್ನೆರಡು ಹೆಜ್ಜೆ ನಡೆದು ಪಕ್ಕದ ಮನೆಯ ಬಾಗಿಲಿಗೆ ಬರುತ್ತಾಳೆ. ಒಳಗಿನಿಂದ ಪೆಟ್ಟಿಗೆ ಕೇಳುತ್ತದೆ: ಬಂದವರು ಯಾರು, ಬಂದ ವಿಷಯವೇನು, ಹೇಳಿದರೆ ತಿಳಿಸುತ್ತೇನೆ. ಅವಳಿಗೆ ಮಾತು ಬರುವುದಿಲ್ಲ. ಅಷ್ಟು ದಿನ ಪೆಟ್ಟಿಗೆಯೇ ಆಡಿದ ಮಾತುಗಳು ಅವಳ ನಾಲಿಗೆಗೆ ಹತ್ತುವುದಿಲ್ಲ. ನಾಲ್ಕನೆಯ ಹಾಳೆ ಇಲ್ಲಿಗೆ ಮುಗಿಯುತ್ತಿತ್ತು.

ಐದನೆಯ ಹಾಳೆಯಲ್ಲಿ ಇದ್ದದ್ದು ಇಷ್ಟು. ಅವಳು ಹಿಂದಿರುಗುವುದಿಲ್ಲ, ಹೊಸ್ತಿಲ ಬಳಿ ಕೂರುತ್ತಾಳೆ. ಪೆಟ್ಟಿಗೆ ಮತ್ತೆ ಮತ್ತೆ ಕೇಳುತ್ತದೆ, ಅವಳು ಉತ್ತರ ಕೊಡುವುದಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಒಳಗಿನವಳು ಬಾಗಿಲು ತೆಗೆಯುತ್ತಾಳೆ. ಅವಳಿಗೂ ಮಾತು ಬರುವುದಿಲ್ಲ. ಮಡಕೆಗೆ ಕೈಯಿಟ್ಟು ನೋಡಿ, ಬಹಳ ಹೊತ್ತಾದ ಮೇಲೆ ಆರಿಹೋಗಿದೆಯಲ್ಲ ಅನ್ನುತ್ತಾಳೆ. ಆ ಊರಿನಲ್ಲಿ ಎಷ್ಟೋ ಕಾಲದ ಮೇಲೆ ಒಬ್ಬರು ಇನ್ನೊಬ್ಬರಿಗೆ ನೇರವಾಗಿ ಆಡಿದ ಮಾತು ಅದು, ಅದೂ ಒಂದು ದೂರು.

ನಾಲ್ಕು ಹಾಳೆ ಇಳಿಸಿದೆ. ಐದನೆಯದನ್ನು ಪಕ್ಕಕ್ಕಿಟ್ಟೆ. ಪುಟ ಸಾಲದು, ಅಭಿಪ್ರಾಯಕ್ಕೆ ಎಂಟು ಪುಟ ಬಿಡಲೇಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆ ತಿಂಗಳು ಕೆರೆಗಳ ಹೂಳಿನ ಬಗ್ಗೆ ನನ್ನದೇ ಲೇಖನ ಹನ್ನೊಂದು ಪುಟ ಇತ್ತು. ಕಥೆ ಅರ್ಧದಲ್ಲಿ ನಿಂತಂತೆ ಕಾಣಬಾರದಲ್ಲ. ಅದಕ್ಕೆ ಒಂದು ವಾಕ್ಯ ಸೇರಿಸಿದೆ. ‘ಅವಳು ಹಿಂದಿರುಗಿದಳು.’ ಕೆಳಗೆ ಗೆರೆ ಎಳೆದು ಮುಗಿಯಿತು ಎಂದು ಬರೆದೆ. ಬೇರೆ ಪ್ರತಿ ಇಲ್ಲದ ಪತ್ರಿಕೆ. ನಾನು ಬರೆದದ್ದೇ ಕಥೆ. ಮೇಷ್ಟರ ಕೈಗೆ ಪುಸ್ತಕ ಹೋಗಲು ಇನ್ನೂ ಮೂರು ವಾರ ಇತ್ತು, ಆಮೇಲೆ ಏನು ಹೇಳುವುದು ಎಂಬುದನ್ನು ನಾನು ಯೋಚಿಸಿರಲಿಲ್ಲ. ಕೊನೆ ಚಪ್ಪೆಯಾಯಿತು ಎಂದು ಎಲ್ಲರೂ ಬರೆಯುತ್ತಾರೆ, ಅಕ್ಕನೂ ಬರೆಯುತ್ತಾಳೆ ಎಂಬಲ್ಲಿಗೆ ನನ್ನ ಯೋಚನೆ ಮುಗಿದಿತ್ತು.

ಎರಡು ವಾರದ ಮೇಲೆ ಚೀಲ ಕೌದಳ್ಳಿಯಿಂದ ಹಿಂದಕ್ಕೆ ಬಂತು. ನಾನು ಎಣಿಸಿದಂತೆಯೇ ಆಗಿತ್ತು. ಕೊನೆ ಯಾಕೋ ಸೊರಗಿದೆ ಎಂದು ಇಬ್ಬರು ಬರೆದಿದ್ದರು. ಅಕ್ಕನದು ಒಂದೇ ಸಾಲು: ‘ಹೋಗಲಿಲ್ಲವೇ, ಸರಿ ಬಿಡಿ.’ ನನ್ನ ಹೂಳಿನ ಬಗ್ಗೆ ಅವಳು ಏನೂ ಬರೆದಿರಲಿಲ್ಲ. ಆದರೂ ಆ ಸಂಜೆ ನಾನು ಹೋಟೆಲಿಗೆ ಹೋಗಿ ಸಂತೋಷದಿಂದ ಕಾಫಿ ಕುಡಿದದ್ದು ನೆನಪಿದೆ.

ಮೂರು ದಿನದ ನಂತರ ಭಾವ, ಅಕ್ಕನ ಗಂಡ, ರೇಷ್ಮೆಗೂಡಿನ ಬುಟ್ಟಿಗಳೊಂದಿಗೆ ಕೊಳ್ಳೇಗಾಲಕ್ಕೆ ಬಂದರು. ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ, ಅವರು ಹೇಳಿದ್ದು.

ಭಾವನ ಅಣ್ಣನ ಮನೆ ಅಕ್ಕನ ಮನೆಗೆ ಅಂಟಿಕೊಂಡೇ ಇದೆ. ಹಿಂದೆ ಒಂದೇ ಮನೆ, ಪಾಲಾದಾಗ ನಡುವೆ ಗೋಡೆ ಎಬ್ಬಿಸಿದ್ದರು. ಒರಳುಕಲ್ಲು ಗೋಡೆಯ ಆಚೆಗೆ ಹೋಯಿತೆಂದು ಅಕ್ಕನಿಗೂ ಅವಳ ಓರಗಿತ್ತಿಗೂ ಮಾತು ಬಿಟ್ಟು ವರ್ಷಗಳಾಗಿದ್ದವು. ಇದು ನನಗೆ ಗೊತ್ತಿತ್ತು. ಆರು ತಿಂಗಳ ಹಿಂದೆ ಆ ಓರಗಿತ್ತಿಯ ಮಗಳು, ಮದುವೆಯ ವಯಸ್ಸಿಗೆ ಬಂದಿದ್ದವಳು, ಜ್ವರದಿಂದ ತೀರಿಕೊಂಡದ್ದೂ ಗೊತ್ತಿತ್ತು. ಅಂಗಡಿಯಲ್ಲಿ ಕೆಲಸವಿತ್ತೆಂದು ನಾನು ಹೋಗಿರಲಿಲ್ಲ. ಒಂದು ಕಾಗದ ಬರೆದಿದ್ದೆ, ಅಂದವಾಗಿಯೇ ಬರೆದಿದ್ದೆ. ಅಕ್ಕನೂ ಹೋಗಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಭಾವ ಹೇಳಿದಾಗಲೇ.

‘ಅವತ್ತು ಗೋಡ ಆಚಿಂದ ಅಳು ಕೇಳ್ತಿತ್ತು ಕಣಪ್ಪ,’ ಎಂದರು ಭಾವ. ‘ಇವ್ಳು ಗಂಜಿ ಕಾಯ್ಸುದ್ಲು. ಮಡ್ಕ ತಕಂಡು ಬಾಗ್ಲ ತಂಕ ಓದ್ಲು, ಬಂದ್ಲು. ಓದ್ಲು, ಬಂದ್ಲು. ಕರೀದೆ ಎಂಗ ಓಗದು ಅಂದ್ಲು. ಸಾವ್ಗ ಯಾರಾರೂ ಕರ್ದಾರಾ ಅಂದಿ ನಾನು. ಬೈಸ್ಕಂಡಿ. ಆಮ್ಯಾಲ ದಿನ ಕಳ್ದಂಗೆಲ್ಲ ಮಕ ತೋರ್ಸಕ್ಕೇ ಆಗ್ನಿಲ್ಲ. ಊಟ ಸೇರದು, ನಿದ್ದ ಬರದು.’

‘ಈಗ?’

‘ಈಗ್ಯಾನ. ನಿಮ್ ಪುಸ್ತಕದಲ್ಲಿ ಅದ್ಯಾವ್ದೋ ಕತ ಬತ್ತಿತ್ತಲ್ಲ. ಅದ ಓದ್ಕಂಡು, ಇದು ನನ್ ಕತನೇ ಕಣ್ರಿ, ಅವ್ಳು ಗಂಜಿ ತಕಂಡು ಓದ್ರ ನಾನೂ ಓಯ್ತೀನಿ ಅಂತಿದ್ಲು. ನಿಮ್ ಚೀಲ ಬರೋ ದಿನ ಗೊತ್ತಲ್ಲ, ಅವತ್ತು ತಲ ಮೇಲ್ ನೀರ್ ಉಯ್ಕಂಡು ಅಡ್ಗ ಮಾಡಿ ಮಡ್ಕ ಮುಚ್ಚಿ ಮಡುಗಿದ್ಲು. ಚೀಲ ಬಂತು. ನಿಂತ್ಕಂಡೇ ಓದುದ್ಲು. ಓದ್ಬುಟ್ಟು ಮಡ್ಕಲಿ ಇದ್ದುದ್ನ ಎತ್ತಿ ಎತ್ತಿನ್ ಬಾನಿಗ ಸುರುದ್ಲು.’

ಭಾವ ಬುಟ್ಟಿಗಳ ಕಡೆ ಹೋದರು. ನಾನು ಅಂಗಡಿಯ ಮೇಜಿನ ಮುಂದೆ ಕೂತೆ. ಅರ್ಧ ಬರೆದ ಪತ್ರವೊಂದು ಅಲ್ಲಿತ್ತು. ಮುಂದುವರಿಸಲು ಆಗಲಿಲ್ಲ. ಯಂತ್ರ ಬಂದು ಮನುಷ್ಯರಲ್ಲಿ ಒಬ್ಬರಿಂದೊಬ್ಬರನ್ನು ಅಗಲಿಸುತ್ತದೆ ಎಂದು ಮೇಷ್ಟರು ಬರೆದಿದ್ದರು. ಇಲ್ಲಿ ಯಂತ್ರ ಬರುವ ತನಕ ಕಾಯಬೇಕಾಗಿರಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳಿದ ಮಾತನ್ನು ನಡುವೆ ನಿಂತು ಬದಲಾಯಿಸುವ ಪೆಟ್ಟಿಗೆಯ ಕೆಲಸವನ್ನು ನಾನೇ ಮಾಡಿದ್ದೆ, ಸಂಬಳವಿಲ್ಲದೆ.

ಮಾರನೆಯ ದಿನ ಅಂಗಡಿಗೆ ರಜೆ ಹೇಳಿ ಐದನೆಯ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಹನೂರು ಬಸ್ಸು ಹತ್ತಿದೆ.

‘ಯಾನ್ ಸಾ, ಚೀಲ ಬುಟ್ಟು ನೀವೇ ಬಂದ್ಬುಟ್ರಲ್ಲ,’ ಎಂದ ಕಂಡಕ್ಟರ್. ‘ಆ ಕತ ಎಂಗ್ ಮುಗಿಸ್ಬುಟ್ರು ನೋಡಿ ಮೇಷ್ಟ್ರು. ನಮ್ ಡ್ರೈವರು ಮೂರ್ ದಿನ ಮಾತಾಡ್ನಿಲ್ಲ.’

ಮೇಷ್ಟರು ಹಾಗೆ ಮುಗಿಸಿಲ್ಲ ಎಂದು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಟಿಕೆಟಿಗೆ ಕಾಸು ಕೊಟ್ಟು ಕಿಟಕಿಯ ಕಡೆ ತಿರುಗಿ ಕೂತೆ.

ಅಕ್ಕ ಜಗಲಿಯ ಮೇಲೆ ಹುಣಸೆ ಬೀಜ ಬಿಡಿಸುತ್ತಿದ್ದಳು. ಬಹಳ ಇಳಿದುಹೋಗಿದ್ದಳು. ಏನೂ ಪೀಠಿಕೆಯಿಲ್ಲದೆ ಹಾಳೆಯನ್ನು ಅವಳ ಮುಂದಿಟ್ಟೆ.

‘ಯಾನ್ಲಾ ಇದು?’

‘ಆ ಕತ ಮೇಷ್ಟ್ರು ಇಂಗ ಮುಗ್ಸಿದ್ರು. ನಾನು ಬುಟ್ಬುಟ್ಟಿ. ಪುಸ್ತಕದಲ್ಲಿ ಇರೋ ಕೊನೆ ಸಾಲು ನಂದು.’

ಕೈಯನ್ನು ಸೆರಗಿಗೆ ಒರೆಸಿಕೊಂಡು ಓದಿದಳು. ಓದಿ ಮುಗಿದ ಮೇಲೂ ಹಾಳೆಯ ಮೇಲಿಂದ ಕಣ್ಣೆತ್ತಲಿಲ್ಲ.

‘ಆ ಮೇಷ್ಟ್ರು ನಿನ್ಗ ಯಾನ್ ಮಾಡಿದ್ರು?’ ಎಂದು ಕೇಳಿದಳು.

‘ಯಾನೂ ಮಾಡ್ನಿಲ್ಲ.’

‘ಮತ್ತ್ಯಾಕ್ಲಾ?’

ಸುಳ್ಳು ಹೇಳಲು ಬಾಯಿಗೆ ಬಂದಿತ್ತು, ಪುಟ ಸಾಲಲಿಲ್ಲ ಎಂದು. ಅವಳ ಮುಖ ನೋಡಿ ಅದು ನಿಂತಿತು. ‘ನೀನು ಅವ್ರ ಕತಗ ಅರ್ಧ ಪುಟ ಬರ್ದ. ನಂದ್ಕ ಒಂದಕ್ಸರಾನೂ ಬರೀನಿಲ್ಲ,’ ಎಂದೆ. ಇಪ್ಪತ್ತಾರು ವರ್ಷದ ಗಂಡಸು ಹೇಳುವ ಮಾತಲ್ಲ ಅದು.

‘ಕೆರ ಹೂಳ್ಗ ನಾನ್ ಯಾನ ಬರೀಲಿ ಏಳು,’ ಎಂದಳು ಅಕ್ಕ. ‘ಎತ್ತಾಕ್ಸಿ ಅಂತ ಬರೀಲಾ?’

ನಗುತ್ತಾಳೆಂದು ಕಾದೆ. ನಗಲಿಲ್ಲ. ಹಾಳೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ‘ಆ ದಿನ ಬೇಯ್ಸಿದ್ ಅನ್ನ ಬಾನಿಗ ಸುರುದ್ನಲ್ಲೋ,’ ಎಂದಳು. ನನ್ನ ಮೇಲೆ ಅವಳು ಮಾಡಿದ ದೂರು ಅಷ್ಟೇ. ಇಡೀ ಬದುಕಿನಲ್ಲಿ ಮತ್ತೆ ಆ ವಿಷಯ ಎತ್ತಲಿಲ್ಲ.

ಒಳಗೆ ಹೋದಳು. ಒಲೆ ಹಚ್ಚುತ್ತಾಳೆಂದುಕೊಂಡೆ. ಹಚ್ಚಲಿಲ್ಲ. ಮುಖ ತೊಳೆದುಕೊಂಡು ಬರಿಗೈಯಲ್ಲೇ ಹೊರಗೆ ಬಂದು ಪಕ್ಕದ ಮನೆಯ ಬಾಗಿಲಿಗೆ ಹೋದಳು. ಬಾಗಿಲು ತೆರೆದೇ ಇತ್ತು. ಹೊಸ್ತಿಲ ಹೊರಗೆ ನಿಂತು ‘ಅಕ್ಕಾ’ ಎಂದು ಕರೆದಳು. ಓರಗಿತ್ತಿ ವಯಸ್ಸಿನಲ್ಲಿ ದೊಡ್ಡವಳು.

ಒಳಗಿನಿಂದ ಓರಗಿತ್ತಿಯ ದನಿ ಕೇಳಿತು. ಕತೆಯಲ್ಲಿ ಇದ್ದ ಹಾಗೆ ಅದು ಮೆಲ್ಲಗಿನ ದೂರಾಗಿರಲಿಲ್ಲ. ಬೀದಿಯವರಿಗೆಲ್ಲ ಕೇಳುವಂತೆ ಬೈದಳು. ‘ಈಗ ಬಂದ್ಯಾ. ನನ್ ಮಗ್ಳು ಮಣ್ಣಾಗಿ ಆರ್ ತಿಂಗ್ಳಾದ್ ಮ್ಯಾಲ ಬಂದ್ಯಾ. ನಿನ್ ಮಡ್ಲಲ್ಲಿ ಮಲಗ್ತಿದ್ ಕೂಸು ಅದು. ಗೋಡ ಒಳ್ಗ ಯಾನ್ ಮಾಡ್ತಾ ಕುಂತಿದ್ದವ್ವಾ ನೀನು, ಆ ಒರಳ್‌ಕಲ್ಲಿಗ ಅಳ್ತಿದ್ಯಾ?’ ಇನ್ನೂ ಎಷ್ಟೋ ಅಂದಳು. ಅಕ್ಕ ಹೊಸ್ತಿಲ ಮೇಲೇ ಕೂತಳು. ಬೈಗುಳ ನಡುವೆ ಒಡೆದು ಅಳುವಾಯಿತು. ಆಮೇಲೆ ಇಬ್ಬರ ದನಿಯೂ ಸೇರಿತು, ಯಾರದು ಯಾವುದೆಂದು ನನಗೆ ತಿಳಿಯಲಿಲ್ಲ. ಯಾವಾಗ ಒಳಗೆ ಹೋದಳೋ ನೋಡಲಿಲ್ಲ. ಮತ್ತೆ ತಲೆಯೆತ್ತಿದಾಗ ಹೊಸ್ತಿಲು ಖಾಲಿಯಿತ್ತು.

ನಾನು ಜಗಲಿಯ ಮೇಲೆ ಕೂತು ಹುಣಸೆ ಬೀಜ ಬಿಡಿಸಿದೆ. ಅಕ್ಕ ಒಳಗೆ ಹೋದಳಲ್ಲ ಎಂಬ ಸಮಾಧಾನ ಇತ್ತು. ಅದರ ಕೆಳಗೇ ಇನ್ನೊಂದು ಇತ್ತು, ಅದನ್ನೂ ದಾಖಲಿಸಬೇಕು. ಒಂದು ಹಾಳೆ ಓದಿ ಒಬ್ಬಳು ಎದ್ದು ಹೋದಳು. ಆ ಹಾಳೆ ನನ್ನದಾಗಿರಲಿಲ್ಲ. ನಾನು ಅಷ್ಟು ರಸ್ತೆಗಳ ಬಗ್ಗೆ ಬರೆದೆ, ಅದನ್ನು ಓದಿ ಯಾರೂ ಕೂತಲ್ಲಿಂದ ಎದ್ದಿರಲಿಲ್ಲ.

ಅಕ್ಕ ಬರುವ ಹೊತ್ತಿಗೆ ಕೊನೆಯ ಬಸ್ಸಿಗೆ ಅರ್ಧ ಗಂಟೆ ಇತ್ತು. ಕಣ್ಣು ಊದಿತ್ತು. ನೇರ ಅಡುಗೆಮನೆಗೆ ಹೋಗಿ ಒಂದು ಡಬ್ಬಿಗೆ ಹುರುಳಿಕಾಳಿನ ಚಟ್ನಿಪುಡಿ ತುಂಬಿ ಬಟ್ಟೆ ಕಟ್ಟಿಕೊಂಡು ಬಂದಳು. ನನಗೆಂದುಕೊಂಡು ಕೈ ಚಾಚಿದೆ.

‘ನಿನ್ಗಲ್ಲ. ಮೇಷ್ಟ್ರಿಗ ಕೊಡು,’ ಎಂದಳು. ‘ಒಬ್ರೇ ಇರೋದಂತಲ್ಲ. ಅಂಗೇ ನೀನ್ ಮಾಡಿದ್ದುನ್ನೂ ಏಳ್ಬುಡು.’

ಮಾರನೆಯ ದಿನ ಬೆಳಗ್ಗೆ, ಸುತ್ತಿನ ಸರದಿಯಂತೆ, ಪುಸ್ತಕವನ್ನೂ ಡಬ್ಬಿಯನ್ನೂ ಹಿಡಿದು ಯಳಂದೂರಿಗೆ ಹೊರಟೆ. ಹೋಗುವ ಮುನ್ನ ಅಭಿಪ್ರಾಯದ ಪುಟಗಳಲ್ಲಿ ಉಳಿದಿದ್ದ ಜಾಗದಲ್ಲಿ ಕಥೆಯ ನಿಜವಾದ ಕೊನೆಯನ್ನು ನೆನಪಿನಿಂದ ಬರೆದು, ಇದನ್ನು ಬಿಟ್ಟವನು ನಕಲು ಮಾಡಿದವನು ಎಂದು ಸಹಿ ಹಾಕಿದ್ದೆ. ಹಾಳೆ ಅಕ್ಕನ ಬಳಿಯೇ ಉಳಿದಿತ್ತು. ನೆನಪಿನಿಂದ ಬರೆದರೂ ಒಂದು ಪದವೂ ತಪ್ಪಿರಲಿಲ್ಲ ಎಂದು ಮೇಷ್ಟರು ಆಮೇಲೆ ಹೇಳಿದರು. ಅಷ್ಟು ಸಲ ಓದಿದ್ದೆ ನಾನು ಅದನ್ನು.

ಶಾಲೆಯ ಅಂಗಳದಲ್ಲೇ ಸಿಕ್ಕರು. ಎಲ್ಲವನ್ನೂ ಹೇಳಿದೆ: ಹಾಳೆ, ಸೇರಿಸಿದ ವಾಕ್ಯ, ಬಾನಿಗೆ ಸುರಿದ ಅನ್ನ, ಹನೂರು. ಅವರು ನಡುವೆ ಎರಡು ಸಲ ಕೆಮ್ಮಿದರು. ನಾನು ಮುಗಿಸಿದ ಮೇಲೆ ಕೇಳಿದ್ದು ಇಷ್ಟು:

‘ನಿಮ್ಮಕ್ಕ ಒಳಗೆ ಹೋದರಾ?’

‘ಹೋದಳು.’

‘ಎಷ್ಟು ಹೊತ್ತು ಇದ್ದರು?’

‘ಸಂಜೆಯ ತನಕ.’

‘ಬರಿಗೈಯಲ್ಲಿ ಹೋದರು ಅಂದಿರಿ.’

‘ಹೌದು.’

‘ಅದು ನನಗೆ ಹೊಳೆದಿರಲಿಲ್ಲ,’ ಎಂದರು. ಡಬ್ಬಿಯ ಬಟ್ಟೆ ಬಿಚ್ಚಿ ಮೂಸಿ ನೋಡಿ, ‘ಹುರುಳಿಯದು,’ ಎಂದು ಮತ್ತೆ ಕಟ್ಟಿದರು. ಗಂಟೆ ಹೊಡೆಯಿತು, ತರಗತಿಗೆ ಹೋದರು. ತಮ್ಮ ಹಾಳೆಯ ಬಗ್ಗೆ, ನಾನು ಸೇರಿಸಿದ ವಾಕ್ಯದ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

ಅವರ ಜಾಗದಲ್ಲಿ ನಾನಿದ್ದಿದ್ದರೆ ಮೊದಲು ಕೇಳುತ್ತಿದ್ದುದು ಅದನ್ನೇ. ‘ನಿಮ್ಮಕ್ಕ ಒಳಗೆ ಹೋದರಾ’ ಎಂಬುದು ನನಗೆ ಬಹಳ ತಡವಾಗಿ ಹೊಳೆಯುತ್ತಿತ್ತು, ಹೊಳೆಯುತ್ತಲೇ ಇರಲಿಲ್ಲವೋ ಏನೋ. ಕೊಳ್ಳೇಗಾಲದ ಬಸ್ಸಿಗೆ ಕಾಯುತ್ತಾ ನಿಂತಾಗ ಇದು ತಿಳಿಯಿತು. ತಪ್ಪು ಒಪ್ಪಿಕೊಂಡ ಮೇಲೆ ಹೊಟ್ಟೆಕಿಚ್ಚು ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ. ಅಲ್ಲಿಯವರೆಗೆ ಅದು ಅವರ ಬರವಣಿಗೆಯ ಮೇಲಷ್ಟೇ ಇತ್ತು, ಈಗ ಅವರ ಗುಣದ ಮೇಲೂ ಹುಟ್ಟಿತು.